ಅಜ್ಜಿಯ ಹಾಲಿಗೆ ಅಡ್ಡ ಬಂದ ಮಿಮಿಕ್ರಿ

ವಕ್ಕಲೇರಿ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿಯ ಹಾಲು ಹದಿನಾರು ದಿನ ಡೈರಿ ಬಾಗಿಲಿನಿಂದ ವಾಪಸ್ ಹೋಯಿತು. ಅದರಲ್ಲಿ ಹಸುವಿನ ತಪ್ಪಿರಲಿಲ್ಲ, ಅಜ್ಜಿಯ ತಪ್ಪಂತೂ ಇರಲೇ ಇಲ್ಲ. ತಪ್ಪು ನನ್ನದು. ನಾನಾಗ ಆ ಹಳ್ಳಿಯನ್ನು ಕಣ್ಣಿಂದ ಕಂಡವನೂ ಅಲ್ಲ. ಕೋಲಾರದ ಒಂದು ಬ್ರೌಸಿಂಗ್ ಸೆಂಟರಿನ ಪ್ಲೈವುಡ್ ಗೂಡಿನಲ್ಲಿ ಕೂತಿದ್ದೆ. ಅಷ್ಟು ದೂರದಿಂದ ಹಾಲು ಕೆಡಿಸುವ ವಿದ್ಯೆ ಜಿಲ್ಲೆಯಲ್ಲಿ ಬಹುಶಃ ನನಗೊಬ್ಬನಿಗೇ ಬರುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬಿ.ಎಸ್ಸಿ. ಪಾಸು ಮಾಡಿಕೊಂಡು ಕೆಲಸವಿಲ್ಲದೆ ಇದ್ದೆ. ಬರುತ್ತಿದ್ದ ಒಂದೇ ಕಸುಬು ಮಿಮಿಕ್ರಿ. ಪ್ರಶ್ನೆ ಕೇಳುವ ಮೊದಲು ಮೂರು ಸಲ ಕೆಮ್ಮುವ ಲೆಕ್ಚರರು, ‘ಮುಳ್ಬಾಗ್ಲು ಮುಳ್ಬಾಗ್ಲು’ ಎಂಬ ಕೂಗಿನ ಅರ್ಧವನ್ನು ಮೂಗಿನಲ್ಲೇ ಮುಗಿಸುವ ಕಂಡಕ್ಟರು, ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಜಗಳ ಮುಗಿಸುವ ನಮ್ಮ ಪಕ್ಕದ ಮನೆಯವರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಹೊರಗಿನಿಂದ ಫೋನ್ ಮಾಡಿದರೆ ಅಮ್ಮ, ‘ನಿಜವಾಗ್ಲೂ ನೀನೇ ಏನೋ?’ ಎಂದು ಕೇಳಿ ಖಾತ್ರಿ ಮಾಡಿಕೊಂಡೇ ಮಾತಾಡುತ್ತಿದ್ದಳು.

ಆ ದಿನಗಳಲ್ಲಿ ಮಾಲೂರಿನ ಒಬ್ಬ ನಿವೃತ್ತ ವಿಜ್ಞಾನ ಮೇಷ್ಟ್ರು ಈ-ಮೇಲ್‌ನಲ್ಲಿ ಒಂದು ಗುಂಪು ಕಟ್ಟಿದ್ದರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ನಲವತ್ತು ಜನ ಸದಸ್ಯರು. ಅವರಲ್ಲಿ ಬಾಯಿ ಬಿಡುತ್ತಿದ್ದವರು ಹತ್ತು ಜನ. ಆ ಹತ್ತರಲ್ಲಿ ಏಳರಷ್ಟು ನಾನೇ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಿದ್ದೆವು. ಗ್ರಹಣದ ಹೊತ್ತಿನಲ್ಲಿ ಉಂಡರೆ ಏನಾಗುತ್ತದೆ, ಮಾವಿನಕಾಯಿಗೆ ಪುಡಿ ಹಾಕಿ ಹಣ್ಣು ಮಾಡುವುದು ಸರಿಯೇ, ಪಕ್ಕದವನ ಬಾವಿ ಬತ್ತುತ್ತದೆ ಎಂದು ಗೊತ್ತಿದ್ದೂ ಬೋರ್‌ವೆಲ್ ಕೊರೆಸಬಹುದೇ, ಇಂಥವು ನಮ್ಮ ವಿಷಯಗಳು. ವಿಜ್ಞಾನ ಮತ್ತು ನೀತಿ ಎರಡೂ ಇದ್ದಲ್ಲಿ ಬೈಗುಳವೂ ಬರುತ್ತದೆಂದು ಮೇಷ್ಟ್ರಿಗೆ ಗೊತ್ತಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವರು. ಅದಕ್ಕೇ ಒಂದು ನಿಯಮ ಮಾಡಿದ್ದರು. ಯಾರಿಗಾದರೂ ಉತ್ತರ ಕೊಡುವ ಮೊದಲು ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ ತೋರಿಸಬೇಕು. ಅವರು ‘ಹೌದು’ ಎಂದು ಒಪ್ಪಿದ ಮೇಲೆಯೇ ಮುಂದಿನ ಮಾತು. ‘ಹೌದು’ ಬರುವ ತನಕ ಗುಂಪಿನಲ್ಲಿ ಇನ್ಯಾರೂ ಆ ವಿಷಯಕ್ಕೆ ಬಾಯಿ ಹಾಕುವಂತಿಲ್ಲ.

ಓದಿದ ಕೂಡಲೇ ನನಗನ್ನಿಸಿದ್ದು, ಈ ನಿಯಮವನ್ನು ನನಗೋಸ್ಕರವೇ ಮಾಡಿದ್ದಾರೆ ಎಂದು. ಇನ್ನೊಬ್ಬರು ಹೇಳಿದ್ದನ್ನು ಹೇಳುವುದು ತಾನೇ? ಧ್ವನಿ ಸಮೇತ ಹೇಳುತ್ತೇನೆ! ಮುಳಬಾಗಿಲಿನಿಂದ ಒಬ್ಬ ಅಕೌಂಟೆಂಟರು ಬರೆಯುತ್ತಿದ್ದರು. ಕುರುಡುಮಲೆಯ ಗಣಪತಿಗೆ ಕೈ ಮುಗಿಯದೆ ಆಫೀಸಿನ ಬೀಗ ತೆಗೆಯದವರು. ‘ತಪ್ಪು ತಿಳಿಯಬೇಡಿ’ ಎಂದು ಶುರು ಮಾಡಿ, ಯಾರೇ ಆಗಲಿ ತಪ್ಪು ತಿಳಿಯಲೇಬೇಕಾದಂಥ ಮಾತನ್ನು ಹೇಳುವುದು ಅವರ ಪದ್ಧತಿ. ಅವರ ಒಂದು ಪುಟದ ವಾದವನ್ನು ನಾನು, ‘ತಪ್ಪು ತಿಳಿಯಬೇಡಿ, ನಾನು ಹೇಳಿದ್ದು ಸರಿ, ನೀವು ತಿಳಿದಿದ್ದೇ ತಪ್ಪು’ ಎಂದು ಒಂದು ಸಾಲಿಗೆ ಇಳಿಸಿದೆ. ಪಾಪ, ದೊಡ್ಡ ಮನುಷ್ಯರು, ನಕ್ಕು ‘ಹೌದು’ ಎಂದು ಬರೆದರು. ಅಲ್ಲಿಂದ ನನ್ನ ತಲೆ ತಿರುಗಿತು. ಯಾರ ಮೇಲ್ ಬಂದರೂ ಮೊದಲು ನಾನು ಹಾರಿ ಬೀಳುತ್ತಿದ್ದೆ.

ಹೀಗಿರುವಾಗ ಡಿಸೆಂಬರಿನ ಒಂದು ಮಂಗಳವಾರ ಒಬ್ಬ ಹೆಂಗಸು ಗುಂಪಿಗೆ ಮೊದಲ ಸಲ ಬರೆದರು. ವಕ್ಕಲೇರಿ ಕಡೆಯ ಹಳ್ಳಿಯೊಂದರ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ಅವರದು. ಮಂಗಳವಾರ, ಶುಕ್ರವಾರ ಕಂಪ್ಯೂಟರ್ ಕ್ಲಾಸಿಗೆ ಕೋಲಾರಕ್ಕೆ ಬರುವರಂತೆ. ಬಂದಾಗ ಮಾತ್ರ ಮೇಲ್ ನೋಡಲು ಸಾಧ್ಯವಂತೆ. ಬರಹದಲ್ಲಿ ಪೂರ್ಣವಿರಾಮ ಎಂಬುದೇ ಇರಲಿಲ್ಲ. ಡೈರಿ ಮೊದಲು ಬಸ್‌ಸ್ಟಾಪಿನ ಹತ್ತಿರ ಇತ್ತು, ಈಗ ದೇವಸ್ಥಾನದ ಪಕ್ಕಕ್ಕೆ ಬಂದಿದೆ, ಅಲ್ಲಿಂದ ಎರಡನೇ ಮನೆ ಒಬ್ಬ ಅಜ್ಜಿಯದು, ಅವರದು ಒಂದೇ ಹಸು, ಕರೆದ ತಕ್ಷಣ ತರುತ್ತಾರೆ, ಲೈನಿನಲ್ಲಿ ಅವರೇ ಮೊದಲು, ನಾಲ್ಕು ದಿನದಿಂದ ಅವರ ಹಾಲಿನಲ್ಲಿ ಲ್ಯಾಕ್ಟೋಮೀಟರಿನ ಕಡ್ಡಿ ಎರಡು ಗೀಟು ಜಾಸ್ತಿ ಮುಳುಗುತ್ತಿದೆ, ಥರ್ಮಾಮೀಟರ್ ಒಡೆದು ಹೋಗಿದೆ, ಹೊಸದು ಬಂದಿಲ್ಲ, ನೀರು ಬೆರೆಸಿದ್ದಾರೆಂದು ಸೆಕ್ರೆಟರಿ ಎಲ್ಲರೆದುರು ಹಾಲು ವಾಪಸ್ ಮಾಡುತ್ತಿದ್ದಾರೆ. ಕಡ್ಡಿ ಹಾಲು ತೆಳ್ಳಗಿದೆ ಎನ್ನುತ್ತದೆಯೇ ಹೊರತು ಯಾಕೆ ತೆಳ್ಳಗಿದೆ ಎಂದು ಹೇಳುವುದಿಲ್ಲವಲ್ಲ, ಅದನ್ನು ತಿಳಿಯುವುದು ಹೇಗೆ, ತಿಳಿಯುವ ತನಕ ಆ ಅಜ್ಜಿಯ ಹತ್ತಿರ ಹೇಗೆ ಮಾತಾಡಬೇಕು? ಇಷ್ಟು ಅವರ ಪ್ರಶ್ನೆ.

ಈಗ ಯೋಚಿಸಿದರೆ, ಆ ಗುಂಪಿಗೆ ಬಂದ ಅತ್ಯುತ್ತಮ ಪ್ರಶ್ನೆ ಅದೇ. ಆಗ ನನಗೆ ಕಂಡದ್ದು ಪೂರ್ಣವಿರಾಮ ಇಲ್ಲದ ಉದ್ದನೆಯ ಒಂದು ಧ್ವನಿ ಮಾತ್ರ. ಬೆರಳು ನಟಿಕೆ ಮುರಿದು ಕುಟ್ಟಿದೆ: ‘ಅಯ್ಯೋ ಸಾರ್, ದೇವಸ್ಥಾನದ ಪಕ್ಕ ಸಾರ್, ಅಜ್ಜಿ ಪಾಪ ಸಾರ್, ಒಂದೇ ಹಸು ಸಾರ್, ಒಂದು ಚೊಂಬು ನೀರು ಬಿದ್ದಿದ್ರೂ ತೀರ್ಥ ಅನ್ಕೊಂಡು ಬಿಟ್ಬಿಡಿ ಸಾರ್.’

ಕಳಿಸುವ ಮುಂಚೆ ಸೆಂಟರಿನ ಮಾಲೀಕನನ್ನು ಕರೆದು ಗಟ್ಟಿಯಾಗಿ ಓದಿಯೂ ತೋರಿಸಿದೆ. ಹೆಣ್ಣುಧ್ವನಿ ಮಾಡಿ, ಕೊನೆಗಳನ್ನು ತೆಲುಗಿನಂತೆ ಎಳೆದು ಎಳೆದು. ಅವನು ಹೊಟ್ಟೆ ಹಿಡಿದು ನಕ್ಕ. ಪಕ್ಕದ ಗೂಡಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಯಾರೋ ಎದ್ದು ಹೋದರು. ನಾನು ಗಮನ ಕೊಡಲಿಲ್ಲ. ಕಲಾವಿದನಿಗೆ ಸಭಿಕರು ಎದ್ದು ಹೋಗುವುದು ಹೊಸದಲ್ಲ.

ಗುಂಪಿನಲ್ಲಿ ನಗುವಿನ ಮಳೆ. ಎಂಟೊಂಬತ್ತು ಜನ ಬರೀ ‘ಹಹ್ಹಹ್ಹ’ ಎಂದು ಬರೆದರು. ಅಕೌಂಟೆಂಟರೂ ಬರೆದರು. ಆ ಹೆಂಗಸು ಮಾತ್ರ ‘ಹೌದು’ ಎನ್ನಲಿಲ್ಲ. ಶುಕ್ರವಾರ ಬಂತು, ಹೋಯಿತು. ನಿಯಮದ ಪ್ರಕಾರ ಬೇರೆ ಯಾರೂ ಉತ್ತರ ಕೊಡುವಂತಿಲ್ಲ. ಡೈರಿ ಬಾಗಿಲಲ್ಲಿ ಸೆಕ್ರೆಟರಿ, ಗುಂಪಿನ ಬಾಗಿಲಲ್ಲಿ ನಾನು.

ಮೇಷ್ಟ್ರಾದರೂ ಉತ್ತರಿಸಬಹುದಿತ್ತು. ಅವರಿಗೆ ಪರದೆಯ ಮೇಲೆ ಓದಲು ಆಗುತ್ತಿರಲಿಲ್ಲ. ಭಾನುವಾರ ಮಾಲೂರಿನ ಸೆಂಟರಿನವರು ಹೊಸ ಮೇಲ್‌ಗಳ ಮೊದಲ ಎರಡು ಪುಟ ಪ್ರಿಂಟ್ ತೆಗೆದುಕೊಟ್ಟರೆ ಅದನ್ನು ಮನೆಗೆ ಒಯ್ದು ಓದುತ್ತಿದ್ದರು. ಆ ಭಾನುವಾರದ ಎರಡೂ ಪುಟದಲ್ಲಿ ಇದ್ದದ್ದು ನನ್ನ ಮಿಮಿಕ್ರಿ ಮತ್ತು ನಿಮ್ಮ ‘ಹಹ್ಹಹ್ಹ’. (ನಿಮ್ಮದಲ್ಲ, ಕ್ಷಮಿಸಿ, ಯಾರ ಮೇಲಾದರೂ ಹಾಕುವ ಚಾಳಿ ಇನ್ನೂ ಹೋಗಿಲ್ಲ.) ಆಕೆಯ ಮೂಲ ಪ್ರಶ್ನೆ ಎಲ್ಲೋ ಕೆಳಗೆ ಹೂತುಹೋಗಿತ್ತು. ಮೇಷ್ಟ್ರು ನನಗೆ ಒಂದೇ ಮಾತು ಬರೆಸಿ ಕಳಿಸಿದರು: ‘ಆಕೆ ಏನು ಕೇಳಿದಳು ಅಂತ ನಿನ್ನಿಂದ ಗೊತ್ತಾಗಲಿಲ್ಲ ಕಣೋ. ಇನ್ನೊಂದ್ಸಲ ಹೇಳು.’

ಎರಡನೇ ಸಲ ಗಂಭೀರನಾದೆ. ಗಂಭೀರ ಎಂದರೆ ಅದೂ ಒಂದು ಮಿಮಿಕ್ರಿಯೇ. ಕೆಮ್ಮುವ ಲೆಕ್ಚರರ ಧ್ವನಿ. ‘ಬಡತನ ಹಾಗೂ ಪ್ರಾಮಾಣಿಕತೆಗಳ ನಡುವಿನ ಸಂಘರ್ಷದಲ್ಲಿ ಸಿಲುಕಿದ ವೃದ್ಧೆಯೊಬ್ಬಳ ಕುರಿತು’ ಎಂದು ಒಂದೂವರೆ ಪುಟ. ಮಂಗಳವಾರ ಉತ್ತರ ಬಂತು: ‘ಅಲ್ಲ. ನಾನು ಬಡತನ ಅಂತ ಬರೀಲೇ ಇಲ್ಲ. ಬೆಳಿಗ್ಗೆ ಆರೂವರೆಗೆ ಹಾಲು ಹಾಕಿಸ್ಕೊಳ್ತೀವಿ. ಬೇಕಾದ್ರೆ ಬಂದು ನೋಡಿ.’

ಗುರುವಾರ ಮೊದಲ ಬಸ್ಸು ಹಿಡಿದು ಹೋದೆ. ಮಂಜು ಬಿದ್ದಿತ್ತು, ಮಫ್ಲರು ಸುತ್ತಿಕೊಂಡೂ ಹಲ್ಲು ತಾಳ ಹಾಕುತ್ತಿದ್ದವು. ದೇವಸ್ಥಾನದ ಪಕ್ಕದ ಕೋಣೆಯ ಮುಂದೆ ಕ್ಯಾನು, ಚೊಂಬು, ತಂಬಿಗೆ ಹಿಡಿದವರ ಸಾಲು. ಎಲ್ಲರಿಗಿಂತ ಮುಂದೆ ಒಬ್ಬ ಸಣ್ಣ ಅಜ್ಜಿ. ಅವರ ತಂಬಿಗೆಯಿಂದ ಹಬೆ ಏಳುತ್ತಿತ್ತು. ಪರೀಕ್ಷೆಯ ಹೆಂಗಸು ಗಾಜಿನ ಕೊಳವೆಗೆ ಹಾಲು ಸುರಿದು ಕಡ್ಡಿ ಬಿಟ್ಟರು. ಕಡ್ಡಿ ಮುಳುಗಿತು. ಒಳಗೆ ಕೂತಿದ್ದ ಸೆಕ್ರೆಟರಿ ತಲೆ ಎತ್ತದೆ ಕೈ ಮಾತ್ರ ಹೊರಗೆ ತೋರಿಸಿದರು. ಅಜ್ಜಿ ತಂಬಿಗೆಗೆ ಸೆರಗು ಮುಚ್ಚಿಕೊಂಡು, ಇಡೀ ಸಾಲಿನ ಉದ್ದಕ್ಕೂ ಒಬ್ಬೊಬ್ಬರನ್ನೇ ದಾಟಿಕೊಂಡು ಮನೆ ಕಡೆ ನಡೆದರು. ಸಾಲಿನಲ್ಲಿ ಒಬ್ಬ, ‘ಏನಜ್ಜಿ, ಹಸೂಗೆ ಬೋರ್‌ವೆಲ್ ಹಾಕ್ಸಿದ್ಯಾ?’ ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಭ್ಯಾಸಬಲ. ಅಷ್ಟೇ ಅಲ್ಲ, ಆ ಮಾತನ್ನು ಇನ್ನೂ ಸ್ವಲ್ಪ ತಡೆದು ಹೇಳಿದ್ದರೆ ಚೆನ್ನಾಗಿರುತ್ತಿತ್ತು ಎಂದೂ ಅನ್ನಿಸಿತು. ಅಜ್ಜಿ ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ, ಪಾತ್ರೆ ಇಲ್ಲದೆ ಡೈರಿಗೆ ಬಂದು ನಗುತ್ತಿರುವ ಈ ಹುಡುಗ ಯಾರು ಎಂದು ಅವರಿಗೆ ಅನ್ನಿಸುತ್ತಿತ್ತೇನೋ. ನನಗೇ ಅನ್ನಿಸಿತು.

ಹತ್ತಿರ ಹೋಗಿ, ‘ನಾನು ಗುಂಪಿನಿಂದ...’ ಎಂದೆ.

ಆಕೆ ಕಡ್ಡಿ ಒರೆಸುತ್ತಾ ನನ್ನ ಮುಖ ನೋಡದೆ, ‘ಓ, ಆ ಧ್ವನಿ ನೀವಾ’ ಎಂದರು. ‘ಅವತ್ತು ಪಕ್ಕದ ಕ್ಯಾಬಿನ್ನಲ್ಲಿದ್ದೆ. ಚೆನ್ನಾಗಿ ಮಾಡ್ತೀರ.’

ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಅದು ನಮ್ಮ ಕಡೆ ಸುಲಭವಲ್ಲ, ಕಲ್ಲು ಜಾಸ್ತಿ. ಕ್ಷಮೆ ಕೇಳಲು ಬಾಯಿ ತೆರೆದೆ. ಲೈನ್ ಇದೆ, ಪಕ್ಕಕ್ಕೆ ನಿಂತುಕೊಳ್ಳಿ ಎಂದರು. ನಿಂತೆ. ಕೊನೆಯ ಕ್ಯಾನು ಬರುವ ತನಕ ನಿಂತೆ. ನನಗೆ ನೆನಪಿರುವಂತೆ ನಾನು ಒಂದು ಗಂಟೆ ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲು.

ಮಧ್ಯಾಹ್ನ ಕೋಲಾರಕ್ಕೆ ಬಂದು ಆಕೆಯ ಮೊದಲ ಮೇಲ್ ತೆಗೆದೆ. ಬೆರಳಿಟ್ಟು ಓದಿದೆ. ಯಾರ ಧ್ವನಿಯೂ ಇಲ್ಲದೆ ಬರೆದೆ. ಬಸ್‌ಸ್ಟಾಪಿನಿಂದ ದೇವಸ್ಥಾನಕ್ಕೆ ಬಂದ ಡೈರಿ, ಎರಡನೇ ಮನೆ, ಕರೆದ ತಕ್ಷಣದ ಹಾಲು, ಲೈನಿನಲ್ಲಿ ಮೊದಲು, ಒಡೆದ ಥರ್ಮಾಮೀಟರು, ಎರಡು ಗೀಟು, ಯಾವುದನ್ನೂ ಬಿಡಲಿಲ್ಲ. ಕಣ್ಣಾರೆ ಕಂಡ ಹಬೆಯನ್ನೂ ಸೇರಿಸಿದೆ. ಆಕೆ ಅಜ್ಜಿಯನ್ನು ಬಿಟ್ಟುಬಿಡಿ ಎಂದು ಕೇಳುತ್ತಿಲ್ಲ, ಹಾಲು ಯಾಕೆ ತೆಳ್ಳಗಿದೆ ಎಂದು ತಿಳಿಯುವುದು ಹೇಗೆ, ತಿಳಿಯುವ ತನಕ ಹೇಗೆ ಮಾತಾಡಬೇಕು ಎಂದು ಕೇಳುತ್ತಿದ್ದಾರೆ ಎಂದು ಮುಗಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಸಪ್ಪೆಯಾದದ್ದನ್ನು ನಾನು ಬರೆದಿರಲಿಲ್ಲ. ಯಾರೂ ನಗಲಿಲ್ಲ. ಶುಕ್ರವಾರ ಒಂದೇ ಪದ ಬಂತು: ‘ಹೌದು.’

ಭಾನುವಾರ ಮೇಷ್ಟ್ರ ಪ್ರಿಂಟಿನಲ್ಲಿ ಇದೇ ಮೊದಲ ಪುಟ. ಸೆಂಟರಿನಲ್ಲೇ ನಿಂತು ಓದಿ, ಮನೆಗೂ ಹೋಗದೆ ಉತ್ತರ ಬರೆಸಿದರಂತೆ. ಬಿಸಿ ಹಾಲು ಹಗುರ, ಅದರಲ್ಲಿ ಕಡ್ಡಿ ಜಾಸ್ತಿ ಮುಳುಗುತ್ತದೆ. ನೊರೆಯೂ ಇದ್ದರೆ ಇನ್ನಷ್ಟು. ಥರ್ಮಾಮೀಟರ್ ಇದ್ದಿದ್ದರೆ ಬಿಸಿ ಎಷ್ಟೆಂದು ನೋಡಿ ಲೆಕ್ಕ ಸರಿ ಮಾಡಿಕೊಳ್ಳಬಹುದಿತ್ತು. ಮಿಕ್ಕವರ ಹಾಲು ದಾರಿಯಲ್ಲಿ, ಸಾಲಿನಲ್ಲಿ ಚಳಿಗೆ ಆರಿರುತ್ತದೆ. ಮೊದಲಾದರೆ ಅಜ್ಜಿಯೂ ಬಸ್‌ಸ್ಟಾಪಿನ ತನಕ ನಡೆಯುತ್ತಿದ್ದರು. ಅವರ ಹಾಲನ್ನೂ ಆರಲು ಬಿಟ್ಟು ಕೊನೆಯಲ್ಲಿ ನೋಡಿ. ಇಷ್ಟೇ ಉತ್ತರ. ಕೆಳಗೆ ನನಗೆ ಒಂದು ಸಾಲು: ‘ಲೇ ಬಿ.ಎಸ್ಸಿ., ಮಂಗಳವಾರದ ತನಕ ಕಾಯಬೇಡ, ಇದನ್ನ ನೀನೇ ತಗೊಂಡು ಹೋಗು.’ ಕಾಯಿಸಿದರೆ ಸಾಂದ್ರತೆ ಕಡಿಮೆಯಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು. ಹಬೆ ನೋಡಿ ಬಂದವನೂ ನಾನು.

ಅಕೌಂಟೆಂಟರು ಒಂದು ಮಾತು ಸೇರಿಸಿದರು: ‘ತಪ್ಪು ತಿಳಿಯಬೇಡಿ, ಎಲ್ಲರೆದುರು ವಾಪಸ್ ಕಳಿಸಿದ್ದನ್ನು ಒಳಗೆ ಕರೆದು ಸರಿ ಮಾಡಿದರೆ ಅರ್ಧವೇ ಸರಿಯಾದಂತೆ.’ ಅವರನ್ನು ಯಾರೂ ತಪ್ಪು ತಿಳಿಯದೇ ಇದ್ದದ್ದು ಅದೊಂದೇ ಸಲ.

ಸೋಮವಾರ ಬೆಳಿಗ್ಗೆ ಎರಡು ಪ್ರಿಂಟ್ ಹಿಡಿದು ಅದೇ ಬಸ್ಸು. ಸೆಕ್ರೆಟರಿ ಓದಿ, ತಿರುಗಿಸಿ, ಹಿಂದೆ ಏನಾದರೂ ಬರೆದಿದೆಯೇ ಎಂದೂ ನೋಡಿ, ‘ಸರಿ, ಇಡಿ’ ಎಂದರು. ಅಜ್ಜಿಯ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟರು. ಸಾಲು ಕರಗಿತು, ಆದರೆ ಯಾರೂ ಮನೆಗೆ ಹೋಗಲಿಲ್ಲ, ಬೋರ್‌ವೆಲ್ಲಿನವನೂ ನಿಂತಿದ್ದ. ಕೊನೆಗೆ ಕಡ್ಡಿ ಬಿಟ್ಟರು. ಗೀಟಿನ ಹತ್ತಿರ ಎರಡು ಸಲ ತೂಗಿ ನಿಂತುಕೊಂಡಿತು. ಪರೀಕ್ಷೆಯ ಹೆಂಗಸು ಎಲ್ಲರಿಗೂ ಕೇಳುವ ಹಾಗೆ, ಅಜ್ಜಿಯ ಹಾಲು ಸರಿಯಾಗಿದೆ, ಮೊದಲೂ ಸರಿಯಾಗಿತ್ತು, ಬಿಸಿ ಲೆಕ್ಕ ಹಾಕದೆ ನೋಡಿದ್ದು ನಮ್ಮ ತಪ್ಪು ಎಂದರು.

ಅಜ್ಜಿ ಖಾಲಿ ತಂಬಿಗೆ ತೆಗೆದುಕೊಂಡು, ‘ನಂಗೊತ್ತಿತ್ತಮ್ಮಾ. ನಿನ್ನ ಕಡ್ಡೀಗೆ ಗೊತ್ತಿರ್ಲಿಲ್ಲ’ ಎಂದು ಹೊರಟರು. ಈ ಸಲ ಸೆರಗು ಮುಚ್ಚಿಕೊಳ್ಳಲಿಲ್ಲ.

ಇಲ್ಲಿಗೆ ಬಿಟ್ಟಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಅದೇ ದಿನ ಮಧ್ಯಾಹ್ನ ಗುಂಪಿಗೆ ಮೂರು ಪುಟದ ಕ್ಷಮಾಪಣೆ ಬರೆದೆ. ಅದರಲ್ಲಿ ನನ್ನನ್ನು ಕತ್ತೆ, ಕೋಡಂಗಿ, ಬಾಯಿಬಡುಕ ಎಂದು ಬೈದುಕೊಂಡೆ; ನನ್ನದೇ ಮಿಮಿಕ್ರಿಯನ್ನೂ ಮಾಡಿದೆ; ಕೊನೆಯಲ್ಲಿ ಅಳುವಂಥ ಒಂದು ಸಾಲೂ ಇತ್ತು. ಅದನ್ನು ನಾಲ್ಕು ಸಲ ತಿದ್ದಿದ್ದೆ. ಗುಂಪು ಮತ್ತೆ ನಕ್ಕಿತು. ಇಬ್ಬರು ಕಣ್ಣೀರು ಬಂತೆಂದು ಬರೆದರು. ನಾನು ಮಂಗಳವಾರಕ್ಕೆ ಕಾದೆ. ಸಂಜೆ ಆಕೆಯ ಉತ್ತರ ಬಂತು, ಪೂರ್ಣವಿರಾಮಗಳ ಸಮೇತ:

‘ನಿಮ್ಮ ಕ್ಷಮಾಪಣೆ ಓದಿದೆ. ಸ್ವಲ್ಪ ತೆಳ್ಳಗಿದೆ. ನೀರು ಬೆರೆಸಿದ್ದೀರ ಅಂತ ನಾನು ಹೇಳಲ್ಲ. ಈಗ ತಾನೇ ಕರೆದಿದ್ದು, ಬಿಸಿ ಇದೆ, ನೊರೆಯೂ ಇದೆ. ಪಕ್ಕಕ್ಕೆ ಇಟ್ಟಿದ್ದೀನಿ. ಆರಿದ ಮೇಲೆ ನೋಡೋಣ.’