ತಲೆ ಎತ್ತದೆ ಹೇಳಿದ ಮಾತು

ಸೂರ್ಯ ಇನ್ನೂ ಹುಟ್ಟಿಲ್ಲ. ಚನ್ನಪಟ್ಟಣದ ಮೊದಲ ಬಸ್ಸು ಮುನೇಶ್ ಅವರನ್ನೂ ನನ್ನನ್ನೂ ಹೊಂಗನೂರಿನಲ್ಲಿ ಇಳಿಸಿ ಹೋಗಿದೆ. ಮುನೇಶ್ ಅಲ್ಲಿನ ಕಾವೇರಮ್ಮ ಎಂಬುವರ ಜಗಲಿಯಲ್ಲಿ ಕುಳಿತು, ತೊಡೆಯ ಮೇಲೆ ಟವೆಲ್ ಹಾಸಿಕೊಂಡು ಲ್ಯಾಪ್‌ಟಾಪಿನ ತಳ ಬಿಚ್ಚುತ್ತಿದ್ದಾರೆ. ಫ್ಯಾನನ್ನು ಬ್ರಷ್ಷಿನಿಂದ ತಟ್ಟಿದರೆ ಟವೆಲ್ ಮೇಲೆ ಬೀಳುವುದು ಬೆಳ್ಳನೆಯ ಸುಣ್ಣ.

"ಒಂದೇ ಸಲಕ್ಕೆ ಹೋಗಲ್ಲ ಸಾರ್. ಸಂದೀಲಿ ಉಳ್ಕಂಡ್ಬುಟ್ಟೈತೆ," ಎನ್ನುತ್ತಾರೆ.

ಕಾದು ಕಾದು ತಾನೇ ಆರಿಹೋಗುವ ಲ್ಯಾಪ್‌ಟಾಪಿಗೆ ಈ ಸೀಮೆಯಲ್ಲಿ ಮುನೇಶನೇ ಗತಿ ಎಂದು ಕೇಳಿ ಅವರನ್ನು ಹುಡುಕಿ ಬಂದವನು ನಾನು. ಪತ್ರಿಕೆಗೆ ಹೊಗಳಿ ಬರೆಯೋಣವೆಂದರೆ ಆಸಾಮಿ ಮುಖವನ್ನೇ ಎತ್ತುತ್ತಿಲ್ಲ.

ರೇಡಿಯೋ, ಟಿ.ವಿ. ರಿಪೇರಿಯಲ್ಲಿ ಕೈ ಪಳಗಿಸಿಕೊಂಡವರು ಅವರು. ಬಿಡದಿ ಕಡೆ ಕಾರ್ಖಾನೆಗಳು ಎದ್ದ ಮೇಲೆ ಅಲ್ಲಿನ ಆಫೀಸುಗಳು ಹಳೆಯದೆಂದು ಬಿಟ್ಟ ಲ್ಯಾಪ್‌ಟಾಪ್‌ಗಳು ಹಳ್ಳಿ ಸೇರತೊಡಗಿವೆ. "ಏಸಿ ರೂಮಲ್ಲಿ ಸುಖವಾಗಿ ಬೆಳೆದಿರ್ತವೆ ಸಾರ್. ಇಲ್ಲಿ ಬಂದು ಸೆಕೆಗೆ ಬೇಯ್ತವೆ." ಚನ್ನಪಟ್ಟಣದ ಅವರ ಅಂಗಡಿಯ ಪಕ್ಕದ ಗೊಂಬೆ ಕಾರ್ಖಾನೆಯ ಸಮದ್ ಸಾಹೇಬರ ಲ್ಯಾಪ್‌ಟಾಪಿನಲ್ಲಿ ಮರದ ಹೊಟ್ಟು, ಕಂಬಳಿ ಮೇಲಿಟ್ಟು ಬಳಸುವವರದರಲ್ಲಿ ಉಣ್ಣೆ. ಅಂಗಡಿಗೆ ದಿನಕ್ಕೆ ನಾಲ್ಕೈದಾದರೂ ಬರುತ್ತವೆ.

ಕಾವೇರಮ್ಮನವರ ಮಗಳು ನವ್ಯಶ್ರೀ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾಳೆ. ಬೇಸಗೆಯಲ್ಲಿ ಲ್ಯಾಪ್‌ಟಾಪ್ ಬಿಸಿಯಾಗುತ್ತಿದೆಯೆಂದು ತಾಯಿ ಅಂಗಡಿಗೆ ಬಂದು, ಎಲ್ಲಿಡಲಿ ಎಂದು ಕೇಳಿದ್ದರು. ಮುನೇಶ್ ಬೇರೆ ಕೆಲಸದಲ್ಲಿ ಮುಳುಗಿದ್ದರು. ತಲೆ ಎತ್ತದೆಯೇ, "ತಂಪಾದ ಜಾಗ್ದಲ್ಲಿಡಿ" ಎಂದರು.

ರೇಷ್ಮೆ ಬೆಳೆಯುವವರ ಮನೆಯಲ್ಲಿ ಹುಳು ಸಾಕುವ ಕೋಣೆಗಿಂತ ತಂಪಾದ ಜಾಗ ಯಾವುದಿದೆ? ಕಿಟಕಿಗೆಲ್ಲ ಒದ್ದೆ ಗೋಣಿತಾಟು. ಕಾವೇರಮ್ಮ ಲ್ಯಾಪ್‌ಟಾಪನ್ನು ಅಲ್ಲೇ ಇಟ್ಟರು, ನವ್ಯಶ್ರೀ ಅಲ್ಲೇ ಕುಳಿತು ಪ್ರಾಜೆಕ್ಟ್ ಮಾಡಿದಳು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಹೊತ್ತಿಗೆ, ತಟ್ಟೆಯ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಅದೆಲ್ಲ ಫ್ಯಾನಿನ ಹೊಟ್ಟೆ ಸೇರಿತು. ಪರೀಕ್ಷಕರ ಮುಂದೆ ಲ್ಯಾಪ್‌ಟಾಪ್ ಆರಿಹೋಯಿತು, ಮತ್ತೆ ಹಾಕಿದರೆ ಮತ್ತೆ ಆರಿತು. ಹುಡುಗಿ ಅತ್ತುಕೊಂಡು ಹೊರಗೆ ಬಂದಳು. ಅಂಗಡಿಯಲ್ಲಿ ಒಮ್ಮೆ ಸುಣ್ಣ ತೆಗೆದರೂ ಅದು ಮತ್ತೆ ಕಾಯುತ್ತಿದೆ; ಇನ್ನೊಂದು ಅವಕಾಶ ನಾಳೆ ಇದೆ, ಅದಕ್ಕೇ ಮುನೇಶ್ ತಾವೇ ಮನೆಗೆ ಬಂದಿದ್ದಾರೆ.

"ನಮ್ಮವ್ವ ಊರೋರ ಹುಳು ಮನೇಲಿ ಕೂಲಿ ಮಾಡ್ದೋಳು. ಆ ಸುಣ್ಣಕ್ಕೆ ಅವಳ ಬೆರಳೆಲ್ಲ ಸೀಳ್ತಿದ್ವು. ನಂಗೆ ಹೊಳೀಬೇಕಾಗಿತ್ತು," ಎನ್ನುತ್ತಾರೆ ಮುನೇಶ್. ಆದರೆ ಅವರನ್ನು ತಿನ್ನುತ್ತಿರುವುದು ಅದಲ್ಲ. ಕೆಟ್ಟ ಲ್ಯಾಪ್‌ಟಾಪ್ ಹಿಡಿದು ತಾಯಿ ಮಗಳು ಅಂಗಡಿಗೆ ಬಂದ ದಿನ ಕಾವೇರಮ್ಮ, "ನಂದೇ ತಪ್ಪು ಕಣಪ್ಪ, ಬುದ್ಧಿಯಿಲ್ದೆ ಅಲ್ಲಿಟ್ಟೆ" ಎಂದರಂತೆ. "ನಾನು ಹ್ಞೂಂ ಅಂದ್ಬುಟ್ಟೆ ಸಾರ್. ಮಾತು ಆಡಿದ್ರೆ ಹೋಯ್ತು ಅಂತಾರೆ. ನಾನು ಆಡ್ಬೇಕಾದ್ ಮಾತು ಆಡ್ದಲೇ ಕೆಡಿಸ್ದೆ. ನಾಚ್ಕೆಯಾಯ್ತದೆ."

ಅಷ್ಟರಲ್ಲಿ ನವ್ಯಶ್ರೀ ಕಾಫಿ ತರುತ್ತಾಳೆ. ಹಿಂದೆಯೇ ಬಂದ ತಾಯಿಗೆ, "ಅಮ್ಮ, ಇವತ್ತಾದ್ರೂ ಅದನ್ನ ಮುಟ್ಬೇಡ" ಎನ್ನುತ್ತಾಳೆ. ಕಾವೇರಮ್ಮ ಲ್ಯಾಪ್‌ಟಾಪಿನತ್ತ ಚಾಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ.

ಮುನೇಶ್ ಸ್ಕ್ರೂಡ್ರೈವರ್ ಕೆಳಗಿಡುತ್ತಾರೆ. ಕಿವಿಯವರೆಗೂ ಕೆಂಪಾಗಿದ್ದಾರೆ. "ಅಮ್ಮನ್ನ ಅನ್ಬೇಡ ಕಣಮ್ಮ. ತಂಪು ಜಾಗ ಅಂದೋನು ನಾನು. ಮನೇಲಿ ಎಲ್ಲಿಡ್ತೀರ ಅಂತ ಕೇಳ್ಲಿಲ್ಲ. ಆಮೇಲೆ ತಪ್ಪು ಅವರ ತಲೆಗೆ ಕಟ್ದೆ."

ಕಾವೇರಮ್ಮ ಕಾಫಿ ಲೋಟವನ್ನು ಅವರತ್ತ ಸರಿಸುತ್ತಾರೆ: "ಬುಡಪ್ಪ. ಆದ್ರೆ ಅವತ್ತೇ ಯೋಳಿದ್ರೆ, ಇವಳು ಇಷ್ಟ್ ದಿನ ನನ್ ಜೊತೆ ಮಾತು ಬುಡ್ತಿರ್ಲಿಲ್ಲ."

ಮುನೇಶ್ ತಳ ಮುಚ್ಚಿ ಲ್ಯಾಪ್‌ಟಾಪ್ ಆನ್ ಮಾಡುತ್ತಾರೆ. ಕಾಫಿ ಆರುವವರೆಗೂ ಅದು ನಿಲ್ಲದೆ ಓಡುತ್ತದೆ. ನವ್ಯಶ್ರೀ ಅದನ್ನೆತ್ತಿ ತಾಯಿಯ ಕೈಗೆ ಕೊಡುತ್ತಾಳೆ.

ಬಸ್ಸಿಗೆ ಕಾಯುವಾಗ ಒಂದು ಫೋಟೋ ಕೇಳುತ್ತೇನೆ. ಮುನೇಶ್ ಕೈ ಅಡ್ಡ ಹಿಡಿಯುತ್ತಾರೆ.

"ನನ್ ಫೋಟೋ ಬ್ಯಾಡ ಸಾರ್. ಆಯಮ್ಮಂದು ತಪ್ಪಿಲ್ಲ ಅಂತ ಒಸಿ ದಪ್ಪಕ್ಷರದಲ್ಲಿ ಹಾಕ್ಸಿ."