ಮೂರನೇ ಅಧ್ಯಾಯವೂ ದೊಡ್ಡಮ್ಮನ ಹಸುವೂ

ಐದು ವರ್ಷದಿಂದ ನಾನು ಕಂಪ್ಯೂಟರಿನೊಳಗೆ ಲಿಗ್ನಿನ್ ಕುಣಿಸುತ್ತಿದ್ದೆ. ಹುಲ್ಲಿಗೂ ಮರಕ್ಕೂ ಗಟ್ಟಿತನ ಕೊಡುವ ವಸ್ತು ಅದು. ಅದರ ಅಣುಗಳಲ್ಲಿ ಇಂಗಾಲದ ಚಪ್ಪಟೆ ಉಂಗುರಗಳಿರುತ್ತವೆ. ನೀರಿಗೆ ಹಾಕಿದರೆ ಊಟದ ತಟ್ಟೆಗಳ ಹಾಗೆ ಒಂದರ ಮೇಲೊಂದು ಕೂತುಬಿಡುತ್ತವೆ. ಯಾಕೆ ಕೂರುತ್ತವೆ, ಎಷ್ಟು ಹೊತ್ತು ಕೂರುತ್ತವೆ ಎಂದು ಸಿಮ್ಯುಲೇಷನ್ ಮಾಡಿ ನೋಡುವುದೇ ನನ್ನ ಪಿಎಚ್.ಡಿ. ದುದ್ದದಲ್ಲಿರುವ ನನ್ನ ದೊಡ್ಡಮ್ಮ ಅದರ ಬಗ್ಗೆ ಕೇಳುತ್ತಿದ್ದದ್ದು ಒಂದೇ: "ಕೂತ್ಕಂಡ್ರೆ ಕೂತ್ಕಳ್ಳಿ, ನಿಂಗೇನ್ಲಾ?"

ಹೋದ ವರ್ಷ ಅವಳ ಹಸು ಜ್ವರದಿಂದ ಎದ್ದಿತು, ಆದರೆ ಮೂರು ದಿನ ಮೇವು ಮುಟ್ಟಲಿಲ್ಲ. "ಬಾಯಾಡಿಸಿದ್ರೆ ಉಳೀತದೆ, ಇಲ್ದಿದ್ರೆ ಕಷ್ಟ" ಎಂದು ದನದ ಡಾಕ್ಟರು ಬೈಕ್ ಹತ್ತಿದರು. ತಾಯಿ ಸತ್ತ ಕರುವಾಗಿದ್ದಾಗಿನಿಂದ ದೊಡ್ಡಮ್ಮ ಅದಕ್ಕೆ ಬಾಟಲಿ ಹಾಲು ಕುಡಿಸಿ ಸಾಕಿದ್ದಳು. ಅವಳೂ ಊಟ ಬಿಟ್ಟಿದ್ದಳು.

ಹಾಸನದಲ್ಲಿ ನನ್ನ ಗೈಡ್ ಮನೆಯಿಂದ ನನ್ನ ಪ್ರಬಂಧದ ಮೂರನೇ ಅಧ್ಯಾಯ ತೆಗೆದುಕೊಂಡು, ಸುದ್ದಿ ಕೇಳಿ ಸೀದಾ ದೊಡ್ಡಮ್ಮನ ಕೊಟ್ಟಿಗೆಗೆ ಬಂದೆ. ಅವರು ಎರಡು ತಿಂಗಳು ಕೂತು ಕೆಂಪು ಶಾಯಿಯಲ್ಲಿ ತಿದ್ದಿದ ಪ್ರತಿ, ಆ ತಿದ್ದುಪಡಿಗಳು ಬೇರೆಲ್ಲೂ ಇರಲಿಲ್ಲ.

"ಉಲ್ಲಲ್ಲಿ ಏನೈತೆ ಅಂತ ಓದೋನು ನೀನೇ ಅಲ್ವಾ? ತಿನ್ಸು" ಎಂದಳು ದೊಡ್ಡಮ್ಮ.

ಲಿಗ್ನಿನ್ ಜೀರ್ಣವಾಗುವುದಿಲ್ಲ ಎಂದು ನಾನು ಮೇಷ್ಟ್ರ ಗತ್ತಿನಲ್ಲಿ ವಿವರಿಸುತ್ತಿದ್ದಾಗ ಹಸು ಕತ್ತು ಚಾಚಿ ಮೊದಲ ಪುಟ ಎಳೆದು ತಿಂದಿತು.

"ತಿಂತು ಕಣ್ಲಾ! ಇನ್ನೊಂದು ಕೊಡು!"

ಗಾಬರಿಯಾಗಿ ಹಳೇ ದಿನಪತ್ರಿಕೆ ಹಿಡಿದೆ. ಮೂಸಿ ಬಿಟ್ಟಿತು. ಆಗ ಹೊಳೆಯಿತು: ಪತ್ರಿಕೆಯ ಕಾಗದದಲ್ಲಿ ಲಿಗ್ನಿನ್ ಉಳಿದಿರುತ್ತದೆ, ಬಿಳಿ ಹಾಳೆಯಲ್ಲಿ ತೆಗೆದುಬಿಡುತ್ತಾರೆ. ಲಿಗ್ನಿನ್ ಬಗ್ಗೆ ನಾನು ಬರೆದದ್ದರಲ್ಲಿ ಲಿಗ್ನಿನ್ನೇ ಇರಲಿಲ್ಲ.

ಕೊಡುವುದಿಲ್ಲ ಎನ್ನಬೇಕೆಂದಿದ್ದೆ. ದೊಡ್ಡಮ್ಮನ ಮುಖ ನೋಡಿ ಆಗಲಿಲ್ಲ. ಪಿನ್ನು ಕಿತ್ತು ಒಂದೊಂದೇ ಹಾಳೆ ಕೊಟ್ಟೆ. ವಿಧಾನ ತಿಂದಿತು, ಫಲಿತಾಂಶ ತಿಂದಿತು, ಗೈಡ್ "ಇದು ಸ್ಪಷ್ಟವಿಲ್ಲ" ಎಂದು ಬರೆದಿದ್ದ ಪುಟವನ್ನೂ ತಕರಾರಿಲ್ಲದೆ ತಿಂದಿತು. ಉಲ್ಲೇಖಗಳ ಪಟ್ಟಿ ಬಂದಾಗ ಮುಖ ತಿರುಗಿಸಿ ರಾಗಿ ಹುಲ್ಲಿಗೆ ಬಾಯಿ ಹಾಕಿತು.

ದೊಡ್ಡಮ್ಮ ಅತ್ತುಬಿಟ್ಟಳು. ನನಗೂ ಅಳು ಬಂತು, ಕಾರಣ ಬೇರೆ.

ಗೈಡಿಗೆ ಫೋನ್ ಮಾಡಿ ನಡೆದದ್ದನ್ನೇ ಹೇಳಿದೆ. "ಜೀರ್ಣ ಆಯ್ತಾ?" ಎಂದರು.

ಮಾರನೇ ದಿನ ಬಸ್ಸಿಗೆ ಹೊರಟಾಗ ದೊಡ್ಡಮ್ಮ ರಸ್ತೆಯ ತನಕ ಬಂದಳು. ಐದು ವರ್ಷದಲ್ಲಿ ಮನೆಯವರು ಯಾರೂ ಕೇಳದೇ ಇದ್ದದ್ದನ್ನು ಕೇಳಿದಳು:

"ಮುಂದಿಂದು ಯಾವಾಗ್ಲಾ ಬರೀತೀಯ?"