ಪೂಜೆಗೆ ತುಂಬಿಸಿಟ್ಟ ಪೆಟ್ರೋಲು

ಆ ಬೆಳಿಗ್ಗೆಯೂ ನಾನು ರೊಟ್ಟಿ ತಟ್ಟುತ್ತಿದ್ದೆ. ಅತ್ತೆ ಹಿತ್ತಿಲ ಬಾಗಿಲಲ್ಲಿ ಕೂತು, ನೆನೆಹಾಕಿದ ಹಿಂಡಿಯನ್ನು ಬೂಸದ ಜೊತೆ ಕಲೆಸುತ್ತಿದ್ದರು. ಗಂಟು ಸಿಕ್ಕಿದರೆ ಬೆರಳಲ್ಲೇ ಒಡೆಯುತ್ತಿದ್ದರು. ಹಸು ತುಂಬು ಗಬ್ಬ; ಗಂಟಲಿಗೆ ಏನೂ ಸಿಕ್ಕಬಾರದು. ಆ ಬಕೆಟ್ಟು ಹಿಡಿದು ನನ್ನ ಗಂಡ ಹೊಳೆಯ ಬಂಡೆಗಳ ಮೇಲೆ ನಡೆದು ನಡುಗಡ್ಡೆಗೆ ಹೋಗುವುದು ದಿನದ ರೂಢಿ. ಶ್ರೀರಂಗಪಟ್ಟಣದಿಂದ ಸ್ವಲ್ಪ ಕೆಳಗೆ ಹೊಳೆ ಸೀಳಿ ಮತ್ತೆ ಕೂಡುವ ಕಡೆ ನಮಗೊಂದು ಹುಲ್ಲಿನ ಜಮೀನಿದೆ. ಹಸುವಿನ ಕೊಟ್ಟಿಗೆ ಅಲ್ಲೇ ಇತ್ತು.

ಹಸು ಅತ್ತೆಯದು. ನಾಗಮಂಗಲದ ಕಡೆಯ ತವರಿನಿಂದ ಕರುವಾಗಿ ತಂದು ಸಾಕಿದ್ದು. ಎಡಗಿವಿಯ ತುದಿ ಚೂರು ಸೀಳಿತ್ತು. ಕಬ್ಬಿನ ಗದ್ದೆಗಳಲ್ಲಿ ಚಿರತೆ ಕಾಣಿಸಿಕೊಂಡ ಮೇಲೆ ಕೊಟ್ಟಿಗೆಗೆ ಕಬ್ಬಿಣದ ಗೇಟು ಹಾಕಿಸಿ, ಸಂಜೆ ಸರಪಳಿಯಲ್ಲಿ ಕಟ್ಟಿ, ಚಿಲಕ ಹಾಕಿ ಬರುತ್ತಿದ್ದೆವು.

ಮೈಕು ಕಟ್ಟಿದ ಆಟೋವೊಂದು, ಅಣೆಕಟ್ಟೆಯಿಂದ ಹೆಚ್ಚು ನೀರು ಬರುತ್ತದೆ, ಯಾರೂ ಹೊಳೆಗೆ ಇಳಿಯಬೇಡಿ ಎಂದು ಕೂಗುತ್ತ ಹೋಯಿತು. ಮಳೆಗಾಲದಲ್ಲಿ ಕೇಳಿ ಕೇಳಿ ಹಳೆಯದಾದ ಮಾತು. ಬಕೆಟ್ಟು ಹಿಡಿದು ಹೋಗಿದ್ದ ನನ್ನ ಗಂಡ ಹಾಗೇ ವಾಪಸು ಬಂದರು. ಬಂಡೆಗಳು ಆಗಲೇ ಮುಳುಗಿದ್ದವು.

ಇಂಥ ಹೊತ್ತಿಗೆಂದೇ ನಮ್ಮಲ್ಲೊಂದು ಫೈಬರ್ ದೋಣಿ, ಅದರ ಹಿಂದಕ್ಕೆ ಸಿಕ್ಕಿಸುವ ಸಣ್ಣ ಇಂಜಿನ್ನು ಇತ್ತು. ಪೆಟ್ರೋಲ್ ಟ್ಯಾಂಕು ಮಾತ್ರ ಬೇರೆ, ಒಳಮನೆಯ ಮೂಲೆಯಲ್ಲಿ. ಹೋದ ಆಯುಧ ಪೂಜೆಯ ಕುಂಕುಮ ಅದರ ಮೇಲಿನ್ನೂ ಇತ್ತು. ಒಣಗಿದ ಚೆಂಡುಹೂವು ದಾರದಲ್ಲಿ ಜೋತಾಡುತ್ತಿತ್ತು. ಪೂಜೆಗೆ ಯಾವುದನ್ನೂ ಬರಿದಾಗಿ ಇಡಬಾರದು ಎನ್ನುವುದು ಅತ್ತೆಯ ಪದ್ಧತಿ. ಕೊಡದಲ್ಲಿ ನೀರಿರಬೇಕು, ಸೇರಿನಲ್ಲಿ ಅಕ್ಕಿಯಿರಬೇಕು, ಟ್ಯಾಂಕಿನಲ್ಲಿ ಪೆಟ್ರೋಲಿರಬೇಕು. ಕಂಠಮಟ್ಟ ತುಂಬಿಸಿದ್ದೆವು. ಆಮೇಲೆ ಹೊಳೆ ಇಳಿದು ಬಂಡೆಗಳ ಮೇಲೆ ಓಡಾಟ ಶುರುವಾಯಿತು, ದೋಣಿಯನ್ನು ಕೇಳುವವರಿಲ್ಲ. ಮುಚ್ಚಳದ ಮೇಲೆ ಗಾಳಿಯಾಡಲು ಒಂದು ತಿರುಪಿದೆ. ಅದು ಅಷ್ಟು ತಿಂಗಳೂ ಸಡಿಲವಾಗಿಯೇ ಇತ್ತು.

ಇವರು ಟ್ಯಾಂಕು ಎತ್ತಿ ನೋಡಿ, ಸದ್ಯ ತುಂಬಿದೆ ಎಂದರು. ನನಗೂ ಎಷ್ಟೋ ಸಮಾಧಾನವಾಯಿತು.

ಇಂಜಿನ್ನು ಹಗ್ಗ ಎಳೆಸಿಕೊಂಡು ಎಳೆಸಿಕೊಂಡು ಕೊನೆಗೆ ಹತ್ತಿತು. ಹೊಗೆ ಬೆಳ್ಳಗೆ ಬಂತು. ಗೇಟು ತೆಗೆದು, ಹಸುವನ್ನು ಬಿಚ್ಚಿ, ದೋಣಿಯ ಪಕ್ಕ ಈಜಿಸಿಕೊಂಡು ಬರುವುದು ಅಂದಾಜು. ಇವರೊಬ್ಬರೇ ದೋಣಿಯಲ್ಲಿ ಹೊರಟರು. ನಡುನೀರಿನಲ್ಲಿ ಇಂಜಿನ್ನಿನ ಶಬ್ದ ಒಡೆಯಿತು, ಕೆಮ್ಮಿದ ಹಾಗೆ. ನಿಂತೇಹೋಯಿತು. ದೋಣಿ ಅಡ್ಡ ತಿರುಗಿ ಕೆಳಕ್ಕೆ ಹೊರಟಿತು. ನಾನು ದಡದಲ್ಲೇ ಓಡಿದೆ. ಹಿಟ್ಟಿನ ಕೈ ಸೆರಗಿಗೆ ಅಂಟಿಕೊಳ್ಳುತ್ತಿತ್ತು. ತಿರುವಿನಲ್ಲಿ ನೀರಿಗೆ ಬಾಗಿದ ಹೊಂಗೆಯ ಕೊಂಬೆ ಅವರ ಕೈಗೆ ಸಿಕ್ಕಿತು. ದಡದಗುಂಟ ದೋಣಿಯನ್ನು ಜಗ್ಗಿಕೊಂಡು ಬಂದೆವು. ಆಚೆಯಿಂದ ಹಸು ಕೂಗುತ್ತಿತ್ತು. ಎಂದಿನ ಹಸಿವಿನ ಕೂಗೇ ಅದು.

ಟ್ಯಾಂಕಿನದನ್ನು ನನ್ನ ಸ್ಟೀಲ್ ಬೇಸಿನ್ನಿಗೆ ಸುರಿದರು. ಹಳೇ ಪೇಂಟಿನ ವಾಸನೆ, ಮೇಲೆ ಹಳಸಿದ ಟೀ ಬಣ್ಣ. ಅಡಿಯಲ್ಲಿ ನೀರು ಬೇರೆಯಾಗಿ, ಕದಡಿದಂತೆ ನಿಂತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಗಾಜಿನ ಲೋಟದಲ್ಲಿ ಎಣ್ಣೆ ನೀರು ಹಾಕಿ ತೋರಿಸಿದ್ದು ನೆನಪಾಯಿತು. ಅಂದು ಎಲ್ಲರೂ ಚಪ್ಪಾಳೆ ತಟ್ಟಿದ್ದೆವು. ಎಥೆನಾಲ್ ಬೆರೆಸಿದ ಈಗಿನ ಪೆಟ್ರೋಲು ಗಾಳಿಯ ತೇವ ಹೀರುತ್ತದೆ, ಬಹಳ ದಿನ ಇಟ್ಟರೆ ನೀರು ತಳ ಸೇರುತ್ತದೆ, ಅಲೆಗೆ ಟ್ಯಾಂಕು ಕುಲುಕಿ ಅದೇ ಇಂಜಿನ್ನಿಗೆ ಹೋಗಿದೆ ಎಂದು ಇವರು ತಲೆಯೆತ್ತದೆ ಹೇಳಿದರು.

ಅತ್ತೆ ಬೇಸಿನ್ನನ್ನೇ ನೋಡುತ್ತಿದ್ದರು. ಬೂಸ ಮೊಣಕೈವರೆಗೂ ಒಣಗಿತ್ತು.

"ನಾನೇ ಅಲ್ವಾ ತುಂಬ್ಸು ಅಂದಿದ್ದು."

"ಅಂಗಲ್ಲ ಬುಡವ್ವ," ಎಂದರು ಇವರು.

ಬೈಕಿನಿಂದ ಪೆಟ್ರೋಲು ಇಳಿಸಿಕೊಂಡರು. ಟ್ಯಾಂಕು ತೊಳೆದು, ಪೈಪು ಊದಿ, ಕಾರ್ಬೊರೇಟರು ಬಿಚ್ಚಿದರೆ ಒಳಗೆಲ್ಲ ಗೋಂದಿನಂಥ ಜಿಗುಟು. ಪೆಟ್ರೋಲು ಬರುವ ತೂತು ಕಟ್ಟಿತ್ತು. ಸೂಜಿ ಕೇಳಿದರು, ತಂದುಕೊಟ್ಟೆ, ದಪ್ಪವಾಯಿತು. ಹಲ್ಲುಜ್ಜುವ ಬ್ರಷ್ಷಿನಿಂದ ಒಂದು ಎಳೆ ಕಿತ್ತುಕೊಟ್ಟೆ, ಅದು ಒಳಗೆ ಹೋಯಿತು. ನಾವಿಬ್ಬರೂ ಆ ತೂತಿನ ಮೇಲೇ ಬಗ್ಗಿದ್ದೆವು. ಹಸುವಿನ ಕೂಗು ಯಾವಾಗ ನಿಂತಿತೋ ನನಗೆ ಗೊತ್ತಾಗಲಿಲ್ಲ.

ಇಂಜಿನ್ನು ಈ ಸಲ ಒಂದೇ ಎಳೆತಕ್ಕೆ ಹತ್ತಿತು. ಅಷ್ಟು ಚೆನ್ನಾಗಿ ಅದು ಎಂದೂ ಓಡಿರಲಿಲ್ಲ. ನಾವು ತಲೆ ಎತ್ತಿ ನೋಡಿದಾಗ ಕೊಟ್ಟಿಗೆಯ ಮಾಡಿನ ಶೀಟು ಮಾತ್ರ ನೀರಿನ ಮೇಲೆ ಕಾಣುತ್ತಿತ್ತು, ಅದರ ಮೇಲೊಂದು ಬೆಳ್ಳಕ್ಕಿ. ಇವರು ದೋಣಿ ಹತ್ತಲು ಹೋದರು. ಅತ್ತೆ ಹಿಡಿದಿದ್ದ ದೋಣಿಯ ಹಗ್ಗ ಬಿಡಲಿಲ್ಲ.

"ಬ್ಯಾಡ ಕಣ್ಲಾ ಮಗ. ಅದು ಹೋಯ್ತು. ನೀನು ಉಳ್ಕೊ."

ಇಂಜಿನ್ನು ಆರಿಸಲು ಯಾರಿಗೂ ತೋಚಲಿಲ್ಲ. ಬಹಳ ಹೊತ್ತು ಅದು ದಡದಲ್ಲೇ ಓಡುತ್ತಿತ್ತು.

ಮಧ್ಯಾಹ್ನ ಯಾರೂ ಉಣ್ಣಲಿಲ್ಲ. ಕಲೆಸಿದ ಹಿಂಡಿ ಬಕೆಟ್ಟಿನಲ್ಲಿ ಹುಳಿ ಬಂತು. ಅದನ್ನು ಚೆಲ್ಲಲು ಹೋದಾಗ ಅತ್ತೆ ಬೇಡವೆಂದು ಕೈ ಮಾಡಿದರು, ಸುಮ್ಮನೆ ಅಲ್ಲೇ ಇಟ್ಟೆ.

ಸಂಜೆ ಪಕ್ಕದ ಮನೆಯವರು ಪಾಂಡವಪುರದಿಂದ ಬಂದರು. ಅತ್ತೆಯನ್ನು ಅಕ್ಕ ಎಂದೇ ಕರೆಯುವವರು; ಹಸು ಈದರೆ ಗಿಣ್ಣು ತಮಗೊಂದು ಲೋಟ ಎಂದು ಮೊದಲೇ ಹೇಳಿಟ್ಟಿದ್ದವರು. ದೋಣಿ ನಡುನೀರಿನಲ್ಲಿ ನಿಂತಿತು, ಹಸು ಹೋಯಿತು ಎಂದಷ್ಟೇ ದಾರಿಯಲ್ಲಿ ಯಾರೋ ಹೇಳಿದ್ದರಂತೆ. ಬೈಕಿನಿಂದ ಇಳಿಯಲೂ ಇಲ್ಲ, ಕಾಲೂರಿಕೊಂಡೇ ಜಗಲಿಯ ಕಡೆ ನೋಡಿದರು. ಅಲ್ಲಿ ಅತ್ತೆ ಕೂತಿದ್ದರು, ಪಕ್ಕದಲ್ಲಿ ಕುಂಕುಮವೆಲ್ಲ ತೊಳೆದುಹೋದ ಟ್ಯಾಂಕು.

"ಏನ್ಮಾಡಕ್ಕಾಯ್ತದೆ ಬುಡಕ್ಕ," ಎಂದರು ಗಾಡಿ ತಿರುಗಿಸುತ್ತ. "ಮೊದ್ಲೇ ಟ್ಯಾಂಕ್ ತುಂಬ ಪೆಟ್ರೋಲು ಆಕ್ಸಿ ಮಡಗಿದ್ರೆ ಆಗೋದು."